ಒಂದೇ ನಂಬರಿನ ಎರಡು ಯಂತ್ರಗಳು

ಕೆಸರೆಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಕಾಂಪೌಂಡ್ ಗೋಡೆಯಲ್ಲಿ ಒಂದು ತೂತಿದೆ. ಅದನ್ನು ಕೊರೆದವನು ನನ್ನ ಅಣ್ಣ. ಎರಡು ಮನೆಗಳ ಕಂಪ್ಯೂಟರುಗಳನ್ನು ಜೋಡಿಸುವ ನೀಲಿ ಕೇಬಲ್ ಅದರ ಮೂಲಕ ಹಾದುಹೋಗಿತ್ತು. ಆ ಕೇಬಲ್ ಒಂದು ಬೇಸಿಗೆಯಿಂದ ಇನ್ನೊಂದು ಬೇಸಿಗೆಯವರೆಗೂ ಬಾಳಲಿಲ್ಲ. ತೂತು ಹಾಗೇ ಇದೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳ ಮಾತು. ಅಣ್ಣ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುತ್ತಿದ್ದ. ನಾನು ಸಂಜೆ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿದ್ದೆ. ಮಧ್ಯಾಹ್ನ ಪುಟಗಳು ಅಚ್ಚಿಗೆ ಹೋದರೆ ಮನೆಗೆ ಬರುತ್ತಿದ್ದೆ. ಅತ್ತಿಗೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪುಸ್ತಕಗಳ ಪುಟ ಕಟ್ಟುತ್ತಿದ್ದರು. ಮಂಡಿ ಮೊಹಲ್ಲಾದ ಪ್ರಕಾಶಕರೊಬ್ಬರು ಹೈಸ್ಕೂಲು ಮಕ್ಕಳಿಗೆ ಗೈಡುಗಳನ್ನು ಮಾಡಿಸುತ್ತಿದ್ದರು, ಹೆಚ್ಚಾಗಿ ಅವರ ಕೆಲಸವೇ. ಪ್ರೂಫ್ ನೋಡುತ್ತಿದ್ದವರು ಪಕ್ಕದ ಮನೆಯಾಕೆ. ಮಠದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದರು. ಬೀದಿಗೆಲ್ಲ ಅವರು ಟೀಚರ್. ಸಂಜೆ ಶಾಲೆಯಿಂದ ಬಂದು, ಮುಖ ತೊಳೆದು, ವಿಭೂತಿ ಇಟ್ಟುಕೊಂಡು ಪ್ರೂಫಿಗೆ ಕೂತರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ.

ಆ ವರ್ಷ ಪ್ರಕಾಶಕರು ಒಂದು ಮಾತು ಕೊಟ್ಟಿದ್ದರು. ಒಂಬತ್ತನೇ ತರಗತಿಯ ಗೈಡು ತಪ್ಪಿಲ್ಲದೆ ಬಂದರೆ ಮುಂದಿನ ವರ್ಷದ ಎಲ್ಲ ಪುಸ್ತಕಗಳೂ ಈ ಇಬ್ಬರು ಹೆಂಗಸರಿಗೇ. ಇಬ್ಬರೂ ಸೇರಿ ಮುಖ್ಯರಸ್ತೆಯಲ್ಲಿ ಒಂದು ರೂಮು ಹಿಡಿದು ಬೋರ್ಡು ಹಾಕುವ ಯೋಚನೆಯಲ್ಲಿದ್ದರು. ಬೋರ್ಡಿನಲ್ಲಿ ಯಾರ ಹೆಸರು ಮೊದಲು ಬರಬೇಕೆಂದು ಗೋಡೆಯ ಆಚೆ ಈಚೆ ನಿಂತು ನಗಾಡುತ್ತಿದ್ದುದನ್ನು ನಾನು ಕೇಳಿದ್ದೇನೆ.

ಅಣ್ಣನಿಗೆ ಲಿನಕ್ಸ್ ಎಂದರೆ ಬರೀ ಕಂಪ್ಯೂಟರ್ ನಡೆಸುವ ವ್ಯವಸ್ಥೆಯಲ್ಲ, ನಡತೆಯ ಪ್ರಶ್ನೆ. ತೊಂಬತ್ತರ ದಶಕದ ಕೊನೆಯಲ್ಲಿ ಪತ್ರಿಕೆಯೊಂದರ ಜೊತೆ ಬಂದ ಸಿಡಿಯಿಂದ ಅದನ್ನು ಹಾಕಿಕೊಂಡವನು, ಮನೆಯೊಳಗೆ ಬೇರೆ ಯಾವುದೂ ಬರಕೂಡದು ಎಂದಿದ್ದ. ಆದರೆ ಅತ್ತಿಗೆಯ ಕನ್ನಡ ಪುಟವಿನ್ಯಾಸದ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ಓಡುತ್ತಿತ್ತು. ಅದಕ್ಕೆ ಅವನು ಲಿನಕ್ಸ್ ಯಂತ್ರದೊಳಗೇ ಇನ್ನೊಂದು ನಕಲಿ ಯಂತ್ರವನ್ನು ಸೃಷ್ಟಿಸಿ, ಅದರೊಳಗೆ ವಿಂಡೋಸ್ ಕೂರಿಸಿದ. ವರ್ಚುವಲ್ ಮೆಷಿನ್ ಅನ್ನುತ್ತಾರೆ. ನೋಡುವವರಿಗೆ ಪರದೆಯ ಮೇಲೆ ಒಂದು ಕಿಟಕಿ; ಮನೆಯ ನೆಟ್‌ವರ್ಕಿನ ಮಟ್ಟಿಗೆ ಅದೊಂದು ಬೇರೆಯೇ ಕಂಪ್ಯೂಟರ್, ಅದಕ್ಕೊಂದು ಬೇರೆ ನಂಬರ್. ಅತ್ತಿಗೆಯ ಯಂತ್ರ ಹಾಲಿನಲ್ಲಿತ್ತು. ಅಣ್ಣನ ಸ್ವಂತ ಲಿನಕ್ಸ್ ಯಂತ್ರ ಹಿಂದಿನ ಕೋಣೆಯಲ್ಲಿತ್ತು. ಕಾಲೇಜಿನಿಂದ ಬಂದ ಮೇಲೆ ಅದನ್ನು ಹಾಕಿ ಕೂರುತ್ತಿದ್ದ.

ಗೋಡೆಯ ಮೇಲಿಂದ ಪ್ರೂಫಿನ ಕಟ್ಟುಗಳನ್ನು ದಾಟಿಸುವುದನ್ನು ನೋಡಿ, ಕೇಬಲ್ ಎಳೆಯುತ್ತೇನೆಂದು ಹೊರಟವನೂ ಅವನೇ. ಟೀಚರ ಮನೆಯಲ್ಲಿ ಅವರ ಮೈದುನನ ಕಂಪ್ಯೂಟರ್ ಇತ್ತು. ಮೈದುನ ಮೊಬೈಲ್ ಅಂಗಡಿಯಲ್ಲಿ ಕೆಲಸದಲ್ಲಿದ್ದ, ಬಾಯಿ ಸ್ವಲ್ಪ ಜೋರು. ಸಂಜೆ ಟೀಚರ್ ಅದರಲ್ಲಿ ಅತ್ತಿಗೆಯ ವಿಂಡೋಸಿನ ನಂಬರ್ ಒತ್ತಿ, ಪಾಠದ ಕಡತ ತೆರೆದು, ತಪ್ಪು ತಿದ್ದಿ ಅಲ್ಲೇ ಉಳಿಸುತ್ತಿದ್ದರು. ಬೆಳಿಗ್ಗೆ ಅತ್ತಿಗೆ ನೋಡುವಾಗ ತಿದ್ದಿದ ಪುಟ ಸಿದ್ಧ. ಮೊದಲ ಕೆಲವು ತಿಂಗಳು ಇದು ಚೆನ್ನಾಗಿಯೇ ನಡೆಯಿತು.

ಆಮೇಲೆ ಪುಟಗಳು ತಿದ್ದಿದ್ದ ಹಾಗೆ ಸಿಗದಾದವು. ಟೀಚರ್ ಮುಗಿಸಿದೆನೆಂದ ಪಾಠ ಬೆಳಿಗ್ಗೆ ನೋಡಿದರೆ ಹಳೆಯ ತಪ್ಪುಗಳ ಸಮೇತ ಇರುತ್ತಿತ್ತು. ಅತ್ತಿಗೆ ಮೊದಲು ಕೇಳಿದ್ದು ಮೆತ್ತಗೆ, ಈ ಪಾಠ ನೀವು ನೋಡಿದ್ದಿರಾ ಟೀಚರ್ ಎಂದು. ನೋಡಿದ್ದೆ ಎಂದರು ಅವರು. ಮತ್ತೊಂದು ಸಲ ಕೇಳಿದಾಗ ಇಬ್ಬರ ದನಿಯೂ ಬದಲಾಗಿತ್ತು. ಇಪ್ಪತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಹೆಂಗಸಿಗೆ, ನೀವು ತಿದ್ದಿಲ್ಲ ಅನ್ನುವುದು ಸಣ್ಣ ಮಾತಲ್ಲ. ಬೋರ್ಡಿನ ಮಾತು ಗೋಡೆಯ ಬಳಿ ಕೇಳಿಸದಾಯಿತು.

ಈ ತೊಂದರೆ ಬರುತ್ತಿದ್ದುದು ಸಂಜೆಯ ಹೊತ್ತು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಬಂದು ಹೋಗುತ್ತದೆಂದು ಅತ್ತಿಗೆ ಅಣ್ಣನಿಗೆ ಹೇಳಿದರು. ಇದೇ ನಂಬರನ್ನು ನೆಟ್‌ವರ್ಕಿನಲ್ಲಿ ಇನ್ನೊಂದು ಯಂತ್ರ ಬಳಸುತ್ತಿದೆ ಎಂಬುದು ಅದರ ತಾತ್ಪರ್ಯ.

ಅಣ್ಣ ಪತ್ತೆಗೆ ಕೂತ. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಹಾಲಿನ ಯಂತ್ರದ ಕಪ್ಪು ಪರದೆಯಲ್ಲಿ ಅವನು ಆ ನಂಬರನ್ನು ಕರೆದು ನೋಡಿದ, ಉತ್ತರ ಬಂತು. ಉತ್ತರ ಕೊಟ್ಟದ್ದು ಯಾವ ಯಂತ್ರವೆಂದು, ನಂಬರಲ್ಲದೆ ಪ್ರತಿ ಯಂತ್ರಕ್ಕೂ ಇರುವ ಬೇರೆ ಗುರುತನ್ನು ನೋಡಿದ. ಒಂದು ಸಲ ಒಂದು ಗುರುತು, ಇನ್ನೊಂದು ಸಲ ಬೇರೆ ಗುರುತು. ಒಂದೇ ಬೀದಿಯ ಎರಡು ಮನೆಗೆ ಒಂದೇ ಬಾಗಿಲ ನಂಬರ್ ಬರೆದ ಹಾಗಾಗಿದೆ, ಟಪಾಲು ಯಾವ ಮನೆಗೆ ಹೋಗುತ್ತೋ ಗೊತ್ತಿಲ್ಲ, ಎಂದು ವಿವರಿಸಿದ. ಅಲ್ಲಿಯವರೆಗೆ ಅವನು ಹೇಳಿದ್ದೆಲ್ಲ ಸರಿಯಾಗಿತ್ತು.

ಎರಡನೆಯ ಮನೆ ಯಾವುದು ಎಂಬಲ್ಲಿ ಅವನು ಒಂದು ಕ್ಷಣವೂ ನಿಲ್ಲಲಿಲ್ಲ. ಟೀಚರ ಮೈದುನ ಸಂಜೆ ಮನೆಗೆ ಬರುತ್ತಾನೆ. ತೊಂದರೆ ಸಂಜೆಗೇ ಶುರುವಾಗುತ್ತದೆ. ಅವನ ಕಂಪ್ಯೂಟರಿನಲ್ಲಿರುವುದು ಕಾಸು ಕೊಡದೆ ಹಾಕಿಸಿಕೊಂಡ ವಿಂಡೋಸ್. ಅಂಥವನಿಗೆ ನಂಬರ್ ಕದಿಯುವುದು ಯಾವ ಲೆಕ್ಕ ಎಂದ.

ಡೆಸ್ಕಿನಲ್ಲಿ ಒಬ್ಬರ ಮೇಲೆ ಆರೋಪವಿರುವ ಸುದ್ದಿ ಬಂದರೆ, ಅವರ ಮಾತು ಅದರಲ್ಲಿಲ್ಲದೆ ಪುಟಕ್ಕೆ ಬಿಡುತ್ತಿರಲಿಲ್ಲ. ಆ ಅಭ್ಯಾಸದಿಂದ ಕೇಳಿದೆ.

"ಅವ್ರನ್ನ ಒಂದ್ ಮಾತು ಕೇಳಿದ್ಯಾ?"

"ಇದು ನಿನ್ನ ಪೇಪರ್ ಅಲ್ಲ ಕಣೋ. ಆ ಕಡೆ ಈ ಕಡೆ ಅನ್ನೋದೆಲ್ಲ ಇಲ್ಲಿಲ್ಲ. ಮೆಷಿನ್ನೇ ಹೇಳ್ತಾ ಇದೆ."

ಮೆಷಿನ್ ಹೇಳಿದ್ದು ಒಂದೇ ನಂಬರಿಗೆ ಇಬ್ಬರಿದ್ದಾರೆ ಎಂದು. ಇಬ್ಬರಲ್ಲಿ ಒಬ್ಬ ಪಕ್ಕದ ಮನೆಯವನು ಎಂದು ಅದು ಹೇಳಿರಲಿಲ್ಲ. ಈ ವ್ಯತ್ಯಾಸ ನನಗೂ ಹೊಳೆದದ್ದು ಆಮೇಲೆಯೇ.

ಅವನು ಕೇಬಲ್ಲನ್ನು ನಮ್ಮ ಕಡೆಯಿಂದ ಕಿತ್ತು, ಗೇಟು ದಾಟಿ ಅವರ ಬಾಗಿಲಿಗೆ ಹೋದ. ಟೀಚರ್ ಹೊರಗೆ ಬಂದರು. ಹಿಂದೆ ಅವರ ಮೈದುನ. ಎದುರು ಮನೆಯವರು ಜಗಲಿಯಲ್ಲಿದ್ದರು.

"ನಿಮ್ ಮೈದುನನಿಗೆ ಹೇಳಿ ಟೀಚರ್. ಕಳ್ಳತನ ಮಾಡೋದಿದ್ರೆ ಬೇರೆ ಮನೆ ನೋಡ್ಕೊಳ್ಳಿ ಅಂತ."

"ಏನಾಯ್ತು ಅಂತ ಹೇಳಿ ಸಾರ್. ಆಮೇಲೆ ಬಯ್ಯೋರಂತೆ," ಎಂದರು ಟೀಚರ್.

ಅಣ್ಣ ನಂಬರಿನ ವಿಷಯ ಹೇಳಿದ. ಮೈದುನ ಬಾಗಿಲ ಚೌಕಟ್ಟಿಗೆ ಒರಗಿಕೊಂಡೇ ಉತ್ತರ ಕೊಟ್ಟ.

"ನಂಬರ್ ಎಂಗೆ ಕದಿಯೋದು ಅಂತ ನೀವೇ ಹೇಳ್ಕೊಟ್ಬುಡಿ ಸಾರ್. ಕಲ್ತ್ಕೊತೀನಿ. ಅಂಗಡೀಲಿ ಉಪಯೋಗಕ್ಕೆ ಬತ್ತದೆ."

ಈ ಉಡಾಫೆಯನ್ನೇ ಅಣ್ಣ ಒಪ್ಪಿಗೆ ಎಂದುಕೊಂಡ. ಅಂಥವನನ್ನು ಮನೆಯಲ್ಲಿಟ್ಟುಕೊಂಡು ಮಕ್ಕಳಿಗೆ ಏನು ಪಾಠ ಹೇಳುತ್ತೀರಿ ಎಂದೂ ಟೀಚರಿಗೆ ಕೇಳಿದ. ಮರುದಿನ ಅವರ ಕಡೆಯ ಕೇಬಲ್ಲು ಅಚ್ಚುಕಟ್ಟಾಗಿ ಸುರುಳಿ ಸುತ್ತಿ ನಮ್ಮ ಕಾಂಪೌಂಡಿನ ಮೇಲಿತ್ತು. ಅವರ ಬಳಿಯಿದ್ದ ಹಸ್ತಪ್ರತಿಯ ಹಾಳೆಗಳೂ ಜೊತೆಗಿದ್ದವು, ಗಾಳಿಗೆ ಹಾರದಂತೆ ಒಂದು ಕಲ್ಲು ಹೇರಿ.

ಅದಾದ ಕೂಡಲೇ ಅಣ್ಣ ಮೌಲ್ಯಮಾಪನಕ್ಕೆಂದು ಬೇರೆ ಊರಿಗೆ ಹೋದ. ಆ ವಾರ ಮೂಲೆಯ ಚೌಕ ಒಮ್ಮೆಯೂ ಬರಲಿಲ್ಲ. ಫೋನಿನಲ್ಲಿ ಕೇಳಿ ತಿಳಿದುಕೊಂಡು, ನೋಡಿದೆಯಾ, ನಾನು ಹೇಳಿರಲಿಲ್ಲವಾ ಎಂದ. ಉಳಿದ ಪಾಠಗಳ ಪ್ರೂಫನ್ನು ಅತ್ತಿಗೆ ತಾವೇ ನೋಡುತ್ತಿದ್ದರು. ತಾನೇ ಕಟ್ಟಿದ ಪುಟದ ತಪ್ಪು ತನ್ನ ಕಣ್ಣಿಗೆ ಬೀಳುವುದಿಲ್ಲ, ಇದು ಡೆಸ್ಕಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಬಿಡುವಾದಾಗ ಕೂತೆ. ಪ್ರಕಾಶಕರ ಗಡುವಿಗೆ ಪುಸ್ತಕ ಹೋಯಿತು.

ಅಣ್ಣ ಊರಿಂದ ಬಂದ ಸಂಜೆ ಚೌಕ ಮತ್ತೆ ಬಂತು.

ಕೇಬಲ್ಲು ಅಟ್ಟದ ಮೇಲಿತ್ತು. ಗೋಡೆಯ ತೂತಿನಲ್ಲಿ ಗಾಳಿ ಬಿಟ್ಟರೆ ಏನೂ ಹಾಯುತ್ತಿರಲಿಲ್ಲ. ಅತ್ತಿಗೆ ಕುರ್ಚಿಯಿಂದ ಎದ್ದು, ಬಂದು ನೋಡಿ ಎಂದು ಅಣ್ಣನನ್ನು ಕರೆದರು. ಅವನು ಆ ನಂಬರನ್ನು ಕರೆದ. ಮತ್ತೆ ಎರಡು ಗುರುತುಗಳು. ಈ ಸಲ ಅವನು ಒಂದೊಂದೇ ತಂತಿ ಬಿಚ್ಚುತ್ತ ಹೋದ. ಹಿಂದಿನ ಕೋಣೆಗೆ ಹೋಗುವ ತಂತಿ ಬಿಚ್ಚಿದಾಗ ಎರಡನೆಯ ಗುರುತು ನಿಂತುಹೋಯಿತು. ಜೋಡಿಸಿದರೆ ಬಂತು. ಅವನು ಹಿಂದಿನ ಕೋಣೆಗೆ ನಡೆದ. ನಾವಿಬ್ಬರೂ ಹಿಂದೆ ಹೋದೆವು.

ಕೆಲವು ತಿಂಗಳ ಹಿಂದೆ ಹಾಲಿನ ಯಂತ್ರದ ಡಿಸ್ಕು ಕೈಕೊಡುವ ಸೂಚನೆ ಕಂಡಾಗ, ಅಣ್ಣ ಅತ್ತಿಗೆಯ ವಿಂಡೋಸನ್ನು, ಅದರಲ್ಲಿ ಆಗಲೇ ಕಟ್ಟಿಟ್ಟಿದ್ದ ಪಾಠಗಳ ಸಮೇತ, ಇಡಿಯಾಗಿ ನಕಲು ಮಾಡಿ ತನ್ನ ಯಂತ್ರದಲ್ಲಿ ಇಟ್ಟುಕೊಂಡಿದ್ದ. ಅಗತ್ಯ ಬಿದ್ದರೆ ಇರಲಿ ಎಂದು, ತನ್ನ ಯಂತ್ರ ಹಾಕಿದಾಗಲೆಲ್ಲ ಆ ನಕಲೂ ಕಿಟಕಿ ತೆರೆಯದೆ ಹಿನ್ನೆಲೆಯಲ್ಲಿ ಓಡುವಂತೆ ಹೊಂದಿಸಿ, ಮರೆತಿದ್ದ. ನಕಲಿನೊಳಗೆ ಎಲ್ಲವೂ ನಕಲು, ನಂಬರ್ ಸಹ. ಸಂಜೆ ಮನೆಗೆ ಬರುತ್ತಿದ್ದವನು ಟೀಚರ ಮೈದುನ ಒಬ್ಬನೇ ಅಲ್ಲ, ಅಣ್ಣನೂ ಬರುತ್ತಿದ್ದ. ಅವನು ಊರಲ್ಲಿಲ್ಲದ ವಾರ ಆ ಯಂತ್ರವನ್ನು ಹಾಕುವವರಿರಲಿಲ್ಲ.

ಅವನು ನಕಲಿನ ಕಿಟಕಿ ತೆರೆದ. ಅದರ ಮೂಲೆಯಲ್ಲೂ ಅದೇ ಚೌಕ, ಅದೇ ದೂರು.

ಅತ್ತಿಗೆ ಮೌಸನ್ನು ಅವನ ಕೈಯಿಂದ ತೆಗೆದುಕೊಂಡು ಪಾಠಗಳ ಫೋಲ್ಡರ್ ತೆರೆದರು. ಟೀಚರ ತಿದ್ದುಪಡಿಗಳೆಲ್ಲ ಅಲ್ಲಿದ್ದವು. ನೀವು ನೋಡಿದ್ದಿರಾ ಎಂದು ಅತ್ತಿಗೆ ಕೇಳಿದ ಪ್ರತಿಯೊಂದು ಪಾಠವೂ, ಅಲ್ಪಪ್ರಾಣ ಮಹಾಪ್ರಾಣ ಬಿಡದೆ, ತಿದ್ದಿ ಮುಗಿದಿತ್ತು. ಅವು ತಪ್ಪು ಮನೆಗೆ ಹೋದ ಟಪಾಲು. ಪುಸ್ತಕ ಅಷ್ಟು ಹೊತ್ತಿಗೆ ಅಚ್ಚಾಗಿತ್ತು.

"ಹೋಗಿ ಹೇಳಿ ಬನ್ನಿ," ಎಂದರು ಅತ್ತಿಗೆ.

"ಏನಂತ ಹೇಳ್ಲಿ? ವರ್ಚುವಲ್ ಮೆಷಿನ್ ಅಂದ್ರೆ ಅವ್ರಿಗೆ ಅರ್ಥ ಆಗಲ್ಲ ಕಣೇ."

"ಕಳ್ಳ ಅಂದಿದ್ದು ಅರ್ಥ ಆಯ್ತಲ್ಲ."

ಅಣ್ಣ ಹೋಗಲಿಲ್ಲ. ನಕಲಿನ ನಂಬರ್ ಬದಲಿಸಿದ, ಸರಿಹೋಯಿತು ಎಂದ. ಅದೇ ವಾರ, ಅವನ ಹಾಗೆ ಲಿನಕ್ಸ್ ಬಳಸುವವರು ಪರಸ್ಪರ ಸಹಾಯ ಕೇಳುವ ಇಂಟರ್ನೆಟ್ ಬಳಗವೊಂದಕ್ಕೆ ಇಡೀ ಪ್ರಸಂಗವನ್ನು ಬರೆದು ಕಳಿಸಿದ. ಇಂಗ್ಲಿಷ್ ಒಮ್ಮೆ ನೋಡು ಎಂದು ನನಗೆ ಕೊಟ್ಟ. ಸ್ವಚ್ಛವಾದ ಬರಹ. ಲಕ್ಷಣ, ಪರೀಕ್ಷೆ, ಕಾರಣ, ಪರಿಹಾರ, ಎಲ್ಲ ಕ್ರಮವಾಗಿತ್ತು. ಮೊದಲು ಹೊರಗಿನ ಯಂತ್ರವೊಂದರ ಮೇಲೆ ಅನುಮಾನ ಬಂದಿತ್ತು, ಅದನ್ನು ಬೇರ್ಪಡಿಸಲಾಯಿತು ಎಂಬ ಒಂದು ಸಾಲಿತ್ತು. ಅಷ್ಟೇ. ತಿದ್ದಲು ನನಗೆ ಒಂದು ಅಲ್ಪವಿರಾಮ ಮಾತ್ರ ಸಿಕ್ಕಿತು. ಯಾವ್ಯಾವುದೋ ದೇಶಗಳಿಂದ ಧನ್ಯವಾದಗಳು ಬಂದವು.

ಅತ್ತಿಗೆ ತಾವೇ ಪಕ್ಕದ ಮನೆಗೆ ಹೋದರು. ಟೀಚರ್ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರಂತೆ. ನೀವು ತಿದ್ದಿದ್ದೆಲ್ಲ ಸಿಕ್ಕಿತು ಎಂದು ಅತ್ತಿಗೆ ಹೇಳಿದರು. ಅದಕ್ಕೆ ಟೀಚರ್ ಹೇಳಿದ ಮಾತನ್ನು ಅತ್ತಿಗೆ ಬಂದು ನಮ್ಮಿಬ್ಬರಿಗೂ ಕೇಳುವಂತೆ ಹೇಳಿದರು.

"ನಿಮ್ಮೇಲೆ ನನಗೇನೂ ಇಲ್ಲ ಕಣಮ್ಮ. ಆದ್ರೆ ಅವ್ರು ಅಂದಿದ್ದು ಈ ಬಾಗ್ಲಲ್ಲಿ ನಿಂತ್ಕೊಂಡು, ಬೀದಿಯೋರ ಮುಂದೆ. ಈ ಬಾಗ್ಲಿಗೇ ಬಂದು ಅವ್ರೇ ಹೇಳ್ಲಿ. ಅಲ್ಲೀಗಂಟ ನಾನು ಹೆಂಗೆ ನಿಮ್ ಜೊತೆ ಕೂತ್ಕೊಳ್ಲಿ?"

ಅಣ್ಣ ಕೇಳಿಸಿಕೊಂಡು, ಅವರು ವಿಷಯ ಬೆಳೆಸುತ್ತಿದ್ದಾರೆ ಎಂದ. ನಾನೂ ಹೇಳಿದೆ, ತಪ್ಪು ಅಚ್ಚಾದ ಪುಟದಲ್ಲೇ ತಿದ್ದುಪಡಿ ಹಾಕುವುದು ಪತ್ರಿಕೆಯ ಪದ್ಧತಿ ಎಂದು. ಪತ್ರಿಕೆಯ ಮಾತು ಮನೆಗೆ ತರಬೇಡ ಎಂದ.

ಒಂಬತ್ತನೇ ತರಗತಿಯ ಗೈಡಿನಲ್ಲಿ ಉಳಿದ ತಪ್ಪುಗಳನ್ನು ಶಾಲೆಗಳವರು ಪ್ರಕಾಶಕರಿಗೆ ತೋರಿಸಿದರು. ಮುಂದಿನ ವರ್ಷದ ಕೆಲಸ ಬೇರೆಯವರಿಗೆ ಹೋಯಿತು. ರೂಮು ಹಿಡಿಯುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಅತ್ತಿಗೆ ಮಂಡಿ ಮೊಹಲ್ಲಾದ ಡಿಟಿಪಿ ಅಂಗಡಿಯೊಂದರಲ್ಲಿ ಸಂಬಳಕ್ಕೆ ಸೇರಿ, ಮದುವೆ ಕಾಗದಗಳನ್ನು ಮಾಡತೊಡಗಿದರು. ಟೀಚರೂ ಅವರೂ ಗೋಡೆಯ ಬಳಿ ಎದುರಾದರೆ ನೀರು ಬಂತಾ, ಬಂತು, ಅನ್ನುವಷ್ಟು ಮಾತು ಉಳಿಯಿತು.

ಕೆಲವು ವರ್ಷಗಳ ನಂತರ ಟೀಚರ ಮನೆಯವರು ಇಲವಾಲದ ಕಡೆ ಸ್ವಂತ ಮನೆ ಕಟ್ಟಿಕೊಂಡು ಹೊರಟರು. ಲಾರಿಗೆ ಸಾಮಾನು ಏರಿಸುವಾಗ ಅತ್ತಿಗೆ ಗೇಟಿನಲ್ಲಿದ್ದರು. ಮೈದುನ ಕಂಪ್ಯೂಟರಿನ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು, ಡ್ರೈವರ್ ಪಕ್ಕ ಇಟ್ಟ. ಟೀಚರ್ ಅತ್ತಿಗೆಯ ಕೈ ಹಿಡಿದು ಏನೋ ಹೇಳಿ, ನಮ್ಮ ಬಾಗಿಲ ಕಡೆ ಒಮ್ಮೆ ನೋಡಿದರು. ಲಾರಿ ಹೊರಡಲು ಇನ್ನೂ ಹೊತ್ತಿತ್ತು.

ನಾನು ಹಿಂದಿನ ಕೋಣೆಗೆ ಹೋಗಿ, ಅವರು ಹೊರಡುತ್ತಿದ್ದಾರೆ ಎಂದು ಅಣ್ಣನಿಗೆ ಹೇಳಿದೆ. ಅವನ ಲಿನಕ್ಸ್ ಬಳಗದಲ್ಲಿ ಯಾರೋ ಗೊತ್ತಿಲ್ಲದವರು, ತಮ್ಮ ಮನೆಯಲ್ಲಿ ಎರಡು ಯಂತ್ರಗಳು ಒಂದೇ ನಂಬರಿಗೆ ಉತ್ತರ ಕೊಡುತ್ತಿವೆಯೆಂದು ಬರೆದು ಕೇಳಿದ್ದರು. ಅಣ್ಣ ಅವರಿಗೆ ಸವಿವರವಾಗಿ ಉತ್ತರ ಬರೆಯುತ್ತಿದ್ದ. ಒಂದು ನಿಮಿಷ ಎಂದ.