ಅತ್ತಿಯ ತವರಿನ ಟೆಂಗು

ಅಲಖನೂರಿನ ನಮ್ಮ ಹಿತ್ತಲಲ್ಲಿ ಒಂದೇ ಒಂದು ಟೆಂಗಿನ ಗಿಡವಿದೆ. ಎಷ್ಟೇ ಎತ್ತರ ಬೆಳೆದರೂ ನಮ್ಮ ಕಡೆ ಅದು ಗಿಡವೇ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕಲ್ಪವೃಕ್ಷ ಎಂದು ಹೊಗಳುವವರು ಯಾರೂ ಅದರ ಕೆಳಗೆ ಸ್ಕೂಟರ್ ನಿಲ್ಲಿಸಿದವರಲ್ಲ. ಒಣ ಗರಿ ಬಿದ್ದು ನನ್ನ ಗಾಡಿಯ ಸೀಟು ಹರಿಯಿತು, ಕಾಯಿ ಬಿದ್ದು ಕನ್ನಡಿ ಒಡೆಯಿತು. ಅತ್ತಿಯ ಮುಂದೆ ದೂರು ಹೇಳಿದರೆ, "ಗಾಡಿ ಆಚೆ ಹಚ್ಚಬೇಕಿತ್ತವಾ, ಗಿಡ ಸರಕೊಂಡು ನಿಲ್ಲತೇತೇನ?" ಎಂದು ನನಗೇ ಬೈದರು.

ಆ ಗಿಡದ ಯಾವುದನ್ನೂ ಅತ್ತಿ ಕೆಡಲು ಬಿಡುವವರಲ್ಲ. ಗರಿ ಬಿದ್ದರೆ ಕಡ್ಡಿ ಸೀಳಿ ಕಸಬರಿಗೆ ಕಟ್ಟುತ್ತಾರೆ. ದನದ ಕೊಟ್ಟಿಗೆಯ ಸಗಣಿಯ ಮುಂದೆ ಅಂಗಡಿಯ ಪ್ಲಾಸ್ಟಿಕ್ ಕಸಬರಿಗೆ ಎರಡು ದಿನ ನಿಲ್ಲುವುದಿಲ್ಲ, ಇದು ನಿಲ್ಲುತ್ತದೆ. ಸಿಪ್ಪೆ, ನೀರು ಕಾಯಿಸುವ ಹಂಡೆಯ ಒಲೆಗೆ, ನಾರು ಪಾತ್ರೆ ತಿಕ್ಕಲಿಕ್ಕೆ. ಉಪ್ಪಿನ ಡಬ್ಬಿಯಲ್ಲಿ ಇವತ್ತಿಗೂ ಚಮಚ ಇಲ್ಲ, ಒಂದು ಚಿಪ್ಪಿದೆ. ಜ್ವರ ಬಂದವರಿಗೆ ಮೊದಲು ಎಳನೀರು, ಆಮೇಲೆ ಡಾಕ್ಟರು.

ನನ್ನ ಎರಡನೆಯ ಬಾಣಂತನ ಇಲ್ಲೇ ಆಯಿತು. ಅಂಟಿನ ಉಂಡಿಗೆ ಅತ್ತಿ ಅಂಗಡಿಯ ಕೊಬ್ಬರಿ ಮುಟ್ಟಲಿಲ್ಲ. ಅಟ್ಟದ ಮೇಲೆ ಒಣಗಲು ಇಟ್ಟಿದ್ದ ಕಾಯಿಗಳನ್ನು ಇಳಿಸಿ, ಕೊಬ್ಬರಿ ಬಿಡಿಸಿ, ತಾವೇ ಕೂತು ಹೆರೆದು, ಬೆಲ್ಲದ ಪಾಕ ಮಾಡಿ ಉಂಡಿ ಕಟ್ಟಿದರು. ಕೂಸಿನ ತಲೆಗೂ ಅದೇ ಗಿಡದ ಎಣ್ಣೆ. ಆ ಉಂಡಿ ತಿನ್ನುತ್ತ ತಿನ್ನುತ್ತ ಗಿಡದ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಉಳಿದದ್ದು ಇಳಿದದ್ದು ಪಂಚಮಿಗೆ. ಪಂಚಮಿ ಎಂದರೆ ನಮ್ಮಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ನನ್ನನ್ನು ಕರೆಯಲು ನಿಪ್ಪಾಣಿಯಿಂದ ಅಣ್ಣ ಬಂದಿದ್ದ. ಅತ್ತಿಯನ್ನು ಕರೆಯಲು ಬರುವವರು ಯಾರೂ ಉಳಿದಿರಲಿಲ್ಲ. ಅಥಣಿ ಕಡೆಯ ಅವರ ತವರುಮನೆ ಮಾರಿಹೋಗಿ ಅಲ್ಲೀಗ ಬೇರೆಯವರಿದ್ದಾರೆ. ಚೀಲ ಹಿಡಿದು ಹೊರಟಾಗ ನೋಡಿದೆ, ಅತ್ತಿ ಹೊಸ ಸೀರೆ ಉಟ್ಟು, ಒಂದು ಬುತ್ತಿ ಕಟ್ಟಿಕೊಂಡು ಹಿತ್ತಲಲ್ಲಿ ಟೆಂಗಿನ ಬುಡಕ್ಕೆ ಕೂತಿದ್ದರು.

"ಇಲ್ಲ್ಯಾಕ ಕುಂತೀರಿ ಅತ್ತಿ?" ಎಂದೆ.

"ತವರಿಗಿ ಬಂದೇನಿ," ಎಂದರು. ನಗಲಿಲ್ಲ.

ಮದುವೆಯಲ್ಲಿ ಅವರವ್ವ ಉಡಿಗೆ ಹಾಕಿದ ಕಾಯಿ ಅದು. ತಮ್ಮ ಹಿತ್ತಲಿನದು, ಸಿಪ್ಪೆ ಸುಲಿಯದೆ ಹಾಗೇ ಹಾಕಿದ್ದರಂತೆ. ಅತ್ತಿ ಅದನ್ನು ಒಡೆಯದೆ ಇಲ್ಲಿ ತಂದು ಹುಗಿದಿದ್ದರು. ನನಗೆ ನಾಚಿಕೆಯಾಯಿತು. ಅವತ್ತಿನಿಂದ ಸ್ಕೂಟರನ್ನು ಆಚೆ ನಿಲ್ಲಿಸುತ್ತೇನೆ.

ಹೋದ ಬೇಸಿಗೆಯಲ್ಲಿ ಮಾವನವರು ಹಿತ್ತಲಲ್ಲಿ ಬೋರ್ ಹೊಡೆಸಬೇಕೆಂದು ನೀರು ನೋಡುವವರೊಬ್ಬರನ್ನು ಕರೆಸಿದರು. ಜುಟ್ಟು ಬಿಟ್ಟು ಸುಲಿದ ಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ನಡೆಯುವುದು ಅವರ ಪದ್ಧತಿ. ನೆಲದೊಳಗೆ ಸೆಲೆ ಇರುವಲ್ಲಿ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ. ಕಾಯಿ ನಮ್ಮ ಗಿಡದ್ದನ್ನೇ ಕೊಟ್ಟೆವು. ಅದು ಹೋಗಿ ಹೋಗಿ ಗಿಡದ ಬುಡದಲ್ಲೇ ಎದ್ದು ನಿಂತಿತು.

"ಇಲ್ಲೇ ಐತ್ರಿ. ಬೋರ್ ಗಾಡಿ ನಿಲ್ಲಬೇಕಂದ್ರ ಗಿಡ ತಗೀಬೇಕಾಗತೇತಿ."

"ತಗಸೂಣು. ಒಂದ ಗಿಡ, ಏನ್ ಮಹಾ," ಎಂದರು ಮಾವನವರು.

ಚಹಾ ತಂದಿದ್ದ ಅತ್ತಿ ತಾಟನ್ನು ಕಟ್ಟೆಯ ಮೇಲಿಟ್ಟು, ಯಾರ ಕೈಗೂ ಕೊಡದೆ ಒಳಗೆ ಹೋದರು. ಮಾವನವರಿಗೆ ಎದುರು ಮಾತಾಡಿ ಅವರಿಗೆ ರೂಢಿಯಿಲ್ಲ.

ಓ ಪಾಸಿಟಿವ್ ರಕ್ತದವರ ಕೈಯಲ್ಲಿ ಕಾಯಿ ಏಳುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ನೀರು ನೋಡುವವರೂ ಬಂದಾಗಲೇ ತಮ್ಮ ರಕ್ತದ ಗುಂಪು ಹೇಳಿಕೊಂಡಿದ್ದರು.

"ಮಾವಾರ, ನಂದೂ ಓ ಪಾಸಿಟಿವ್ ಐತ್ರಿ. ಒಮ್ಮಿ ಹಿಡದು ನೋಡ್ಲೇನ್ರಿ?"

"ನೋಡವಾ, ಅದೂ ಒಂದು ಆಗಿಹೋಗ್ಲಿ," ಎಂದು ನಕ್ಕರು.

ಕಾಯಿ ಹಿಡಿದು ಸುತ್ತಿದೆ. ಎಲ್ಲೂ ಏಳಲಿಲ್ಲ, ಏಳುವ ಲಕ್ಷಣವೂ ಇರಲಿಲ್ಲ. ಗಿಡದಿಂದ ದೂರ, ಕೊಟ್ಟಿಗೆಯ ಮೂಲೆಗೆ ಬಂದಾಗ ಬೆನ್ನು ಅವರ ಕಡೆ ಮಾಡಿ ಕಿರುಬೆರಳಿನಿಂದ ಒಂದು ಒತ್ತು ಕೊಟ್ಟೆ. ಎದ್ದು ನಿಂತಿತು. ನೀರು ನೋಡುವವರು ಓಡಿ ಬಂದು ಕಾಯಿ ನೋಡಿದರು, ನನ್ನ ಬೆರಳು ನೋಡಿದರು, ನನ್ನ ಮುಖ ನೋಡಿದರು. ನಾನೂ ಅವರ ಬೆರಳುಗಳನ್ನೇ ನೋಡಿದೆ.

"ಇಲ್ಲೂ ಒಂದ ಸೆಲಿ ಐತ್ರಿ," ಎಂದರು.

ಬೋರ್ ಅಲ್ಲೇ ಬಿತ್ತು. ನೀರೇನೋ ಬಂತು, ಆದರೆ ಸವಳು. ಸಾಬೂನಿಗೆ ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ದನ ಮೂಸಿ ಮೂಸಿ ಕುಡಿಯುತ್ತವೆ. "ಸೊಸಿ ಹುಡಿಕಿದ ನೀರು, ಕುಡೀರಿ," ಎಂದು ಮಾವನವರು ಬಂದವರಿಗೆಲ್ಲ ಹೇಳುತ್ತಾರೆ. ನಾನು ತಲೆ ತಗ್ಗಿಸಿ ಕೇಳುತ್ತೇನೆ. ಗಿಡದ ಬುಡದಲ್ಲಿ ಸಿಹಿನೀರು ಇತ್ತೋ ಏನೋ, ಯಾರಿಗೆ ಗೊತ್ತು. ಸುಳ್ಳಾಡಿದ್ದು ಒಳಗೊಳಗೇ ಕೊರೆಯುತ್ತದೆ.

ಈ ಪಂಚಮಿಗೂ ಅಣ್ಣ ಬಂದ. ಹೊರಡುವಾಗ ಅತ್ತಿ ನನ್ನನ್ನು ಟೆಂಗಿನ ಬುಡಕ್ಕೆ ಕರೆದು ಉಡಿ ತುಂಬಿದರು. ಅಕ್ಕಿ, ಅರಿಸಿನ ಕೊಂಬು, ಕುಪ್ಪಸದ ಖಣ, ಕೊನೆಗೆ ಆ ಗಿಡದ್ದೇ ಒಂದು ಕಾಯಿ, ಸಿಪ್ಪೆ ಸುಲಿಯದ್ದು. ಆಮೇಲೆ ನನ್ನ ಬಲಗೈ ಹಿಡಿದು ಕಿರುಬೆರಳನ್ನು ಮೆಲ್ಲಗೆ ಅಮುಕಿದರು.

"ಅಡಗಿಮನಿ ಕಿಡಕ್ಯಾಗಿಂದ ಎಲ್ಲಾ ಕಂಡೇನವಾ," ಎಂದರು. "ಈ ಕಾಯಿ ಒಡೀಬ್ಯಾಡ. ಬೋರಿನ ಬಾಜೂಕ ಹಚ್ಚು. ಟೆಂಗಿಗಿ ಸವಳ ನೀರು ಭಾಳ ಚಲೋ."

ಹೊರಗೆ ಅಣ್ಣ ಹಾರ್ನ್ ಹೊಡೆಯುತ್ತಿದ್ದ. ಸ್ವಲ್ಪ ತಡಿ ಎಂದು ಕೂಗಿ ಹೇಳಿ, ಉಡಿ ಕಟ್ಟಿಕೊಂಡೇ ಗುದ್ದಲಿ ತರಲು ಹೋದೆ.