ಒಂದೂವರೆ ಪಟ್ಟು ಹನುಮಂತಣ್ಣ

ಹನುಮಂತಣ್ಣ ಯಾವ ಕುರ್ಚಿಯಲ್ಲೂ ಒಂದೇ ಸಲಕ್ಕೆ ಕೂತವರಲ್ಲ. ಮೊದಲು ಧೊಪ್ಪನೆ ಕೂತು, ಎದ್ದು, ಅದರ ಕಾಲುಗಳನ್ನು ಬಗ್ಗಿ ನೋಡಿ, ಆಮೇಲೆ ನೆಮ್ಮದಿಯಾಗಿ ಕೂರುತ್ತಿದ್ದರು. ಸಾರಿನ ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸದೆ ಚೀಲಕ್ಕೆ ಹಾಕಿದವರಲ್ಲ. ನಾನು ಪೀಣ್ಯದ ಕಾರ್ಖಾನೆಗೆ ಸೇರಿದ ಮೊದಲ ತಿಂಗಳು ಅವರು ಪರೀಕ್ಷಿಸಿದ್ದರ ಲೆಕ್ಕ ನನ್ನ ಡೈರಿಯಲ್ಲಿದೆ: ಕುರ್ಚಿ ಹನ್ನೊಂದು, ಡಬ್ಬಿ ಇಪ್ಪತ್ತಾರು, ಭಾವಿ ಅಳಿಯ ಒಬ್ಬ.

ನಮ್ಮಲ್ಲಿ ತಯಾರಾಗುವುದು ಗಾಳಿ ತುಂಬುವ ಉಕ್ಕಿನ ಟ್ಯಾಂಕುಗಳು. ಪ್ರತಿ ಟ್ಯಾಂಕಿಗೂ ನೀರು ತುಂಬಿಸಿ, ಅದು ಮುಂದೆ ಹೊರಬೇಕಾದ ಒತ್ತಡದ ಒಂದೂವರೆ ಪಟ್ಟು ಹಾಕಿ ನೋಡುವುದು ಅವರ ಕೆಲಸ. ಅಂಕಿ ಬರೆದುಕೊಳ್ಳುವುದು ನನ್ನದು. "ಒಂದೂವರೆ ತಡ್ಕೊಂಡ್ತಾ? ಇನ್ನು ಅದ್ರ ತಂಟೆಗೆ ಯಾರೂ ಬರಂಗಿಲ್ಲ ಕಣಮ್ಮ" ಎನ್ನುತ್ತಿದ್ದರು.

ಶ್ರಾವಣದ ಒಂದು ಸೋಮವಾರ ಅವರ ಎಡಗಣ್ಣಿಗೆ ಎರಡು ನಿಮಿಷ ಪರದೆ ಎಳೆದಂತಾಯಿತು. "ಕರೆಂಟ್ ಓಯ್ತೇನಮ್ಮ?" ಎಂದರು. ಹೋಗಿರಲಿಲ್ಲ. ಆಸ್ಪತ್ರೆಗೆ ಅವರ ಹೆಂಡತಿ ಜಯಮ್ಮಕ್ಕನ ಜೊತೆ, ಇಂಗ್ಲಿಷ್ ರಿಪೋರ್ಟು ಓದಿಹೇಳಲು, ನಾನೂ ಹೋದೆ. ಸ್ಕ್ಯಾನಿನಲ್ಲಿ ಎರಡು ಸಂಗತಿ ಒಟ್ಟಿಗೆ ಸಿಕ್ಕವು. ಕತ್ತಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳ ಕೊಬ್ಬು ಕಟ್ಟಿ ಕಿರಿದಾಗಿತ್ತು. ಅದೇ ದಾರಿಯಲ್ಲಿ ಮೇಲೆ, ಮಿದುಳಿನ ರಕ್ತನಾಳದ ಗೋಡೆ ಒಂದು ಕಡೆ ಸಣ್ಣ ಗುಳ್ಳೆಯಂತೆ ಉಬ್ಬಿತ್ತು. ಬೀಡಿ ಮತ್ತು ಬಿಪಿ ಎರಡೂ ಕಡೆ ಕೈಯಾಡಿಸಿದ್ದವು. ಕತ್ತಿನದನ್ನು ಹಾಗೇ ಬಿಟ್ಟರೆ ಲಕ್ವದ ಭಯ. ಕಟ್ಟಿದ್ದನ್ನು ಬಿಡಿಸಿದರೆ ಹರಿವು ಹೆಚ್ಚಿ ಉಬ್ಬಿನ ಮೇಲೆ ಭಾರ ಬೀಳುವ ಭಯ.

ಡಾಕ್ಟರಮ್ಮ ಚಿತ್ರ ಬಿಡಿಸಿ ಮುಗಿಸುವ ಮೊದಲೇ ಹನುಮಂತಣ್ಣ ತಲೆಯಾಡಿಸಿದರು. "ಕೆಳ್ಗಡೆ ವಾಲ್ವ್ ಕಟ್ಕೊಂಡೈತೆ. ಮೇಲ್ಗಡೆ ಪೈಪು ಪೂರಿ ಅಂಗೆ ಉಬ್ಬೈತೆ. ವಾಲ್ವ್ ತೆಗುದ್ರೆ ಪೈಪು ತಡೀಬೇಕು. ಅಷ್ಟೇ ತಾನೆ?"

"ಹೆಚ್ಚುಕಡಿಮೆ ಅಷ್ಟೇ. ಉಬ್ಬು ಸಣ್ಣದು. ಸರ್ಜನ್ ಜೊತೆ ಮಾತಾಡಿ ಶುಕ್ರವಾರ ಹೇಳ್ತೀನಿ. ಅಲ್ಲೀವರೆಗೂ ಬಿಪಿ ಏರಬಾರದು."

ಹನುಮಂತಣ್ಣನ ಕಿವಿಯಲ್ಲಿ ಉಳಿದದ್ದು "ತಡೀಬೇಕು" ಎಂಬ ತಮ್ಮ ಮಾತು ಮಾತ್ರ. ಬುಧವಾರ ಊಟದ ಹೊತ್ತಿಗೆ ನೋಡಿದರೆ, ತೋಳಿಗೆ ಬಿಪಿ ಯಂತ್ರದ ಪಟ್ಟಿ ಸುತ್ತಿಕೊಂಡು ಕಾರ್ಖಾನೆಯ ಕಬ್ಬಿಣದ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದಾರೆ.

"ಏನಣ್ಣ ಇದು?"

"ಟೆಸ್ಟಿಂಗು. ನಂದು ನೂರಾನಲವತ್ತು. ಒಂದೂವರೆ ಅಂದ್ರೆ ಇನ್ನೂರಾಹತ್ತು. ಈಗ ನೂರಾತೊಂಬತ್ತಕ್ಕೆ ಬಂದೈತೆ. ಬರ್ಕೊಳಮ್ಮ."

ನಾನು ಬರೆದುಕೊಂಡೆ. ಹೇಳಲು ಈಗಲೂ ನಾಚಿಕೆಯಾಗುತ್ತದೆ. ಅಂಕಿ ಕಿವಿಗೆ ಬಿದ್ದರೆ ಬರೆಯುವುದು ನನ್ನ ಕಾಯಿಲೆ. ಬರೆದದ್ದನ್ನು ಓದಿದವಳೇ ಜಯಮ್ಮಕ್ಕನಿಗೆ ಫೋನ್ ಮಾಡಿದೆ. ಅವರ ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲೇ; ನಾಲ್ಕು ನಿಮಿಷಕ್ಕೆ ಬಂದರು.

"ಟ್ಯಾಂಕಿಗೆ ಎಂಡ್ರು ಮಕ್ಳು ಅವ್ರಾ? ಇಳೀರಿ ಕೆಳ್ಗೆ!"

ಇಳಿದರು. ಇಳಿಯುವಾಗಲೂ "ಇನ್ನಿಪ್ಪತ್ತೇ ಇತ್ತು ಕಣೇ" ಎಂದು ಗೊಣಗಿದರು.

ನೇರ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಬೈಯಲಿಲ್ಲ. ಮೊದಲು ಬಿಪಿ ಇಳಿಸಿದರು, ಆಮೇಲೆ ಕೇಳಿದರು: "ಟೆಸ್ಟಲ್ಲಿ ಟ್ಯಾಂಕ್ ಒಡೆದ್ರೆ ಏನು ಮಾಡ್ತೀರಿ?"

"ಗುಜರಿಗಾಕಿ ಬೇರೆ ಮಾಡ್ತೀವಿ ಮೇಡಂ," ಎಂದರು ಹನುಮಂತಣ್ಣ, ಥಟ್ಟನೆ. ಆಮೇಲೆ ಜೇಬಿನಿಂದ ಬೀಡಿ ಕಟ್ಟು ತೆಗೆದು ಹೆಂಡತಿಯ ಕೈಗಿಟ್ಟರು. ಜಯಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ಮುಂದಿನ ವಾರ ಬಿಪಿಗೆ ಬಿಗಿ ಕಾವಲಿಟ್ಟು, ಆಪರೇಷನ್ ಮಾಡಿ ಕತ್ತಿನ ನಾಳದಲ್ಲಿ ಕಟ್ಟಿದ್ದನ್ನು ಬಿಡಿಸಿದರು. ಉಬ್ಬು ತಡೆದುಕೊಂಡಿತು. ಅದು ಅಲ್ಲೇ ಇದೆ; ಬೆಳೆಯದಂತೆ ಬಿಪಿ ಹಿಡಿತದಲ್ಲಿಟ್ಟು, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿರಬೇಕು. ಬೀಡಿ ನಿಂತಿತು.

ನಿವೃತ್ತರಾಗಿ ನೆಲಮಂಗಲದಾಚೆಯ ಊರಿಗೆ ಹೊರಟ ಶನಿವಾರ ಅವರನ್ನು ಬಸ್ಸು ಹತ್ತಿಸಲು ಹೋಗಿದ್ದೆ. ಮೊದಲ ಬಸ್ಸು ಹತ್ತು ಮಾರು ಮುಂದೆ ಹೋಗಿ ನಿಂತಿತು. ಜನ ಓಡಿದರು. ಅವರು ಅಲ್ಲಾಡಲಿಲ್ಲ.

"ಓಡಲ್ಲ ಕಣಮ್ಮ. ಇನ್ನೊಂದು ಬತ್ತದೆ."

ಎರಡನೆಯದನ್ನೂ ಬಿಟ್ಟರು, ಮೂರನೆಯದನ್ನೂ ಬಿಟ್ಟರು. ನಾಲ್ಕನೆಯದು ಎದುರಿಗೇ ನಿಂತಿತು.

"ಬೇಗ ಹತ್ತಿ ಯಜಮಾನ್ರೇ!" ಎಂದ ಕಂಡಕ್ಟರ್.

"ಬೇಗ ಅಂತ ಡಾಕ್ಟ್ರು ಚೀಟೀಲಿ ಬರ್ದಿಲ್ಲಪ್ಪ," ಎಂದು ಹನುಮಂತಣ್ಣ ಒಂದು ಮೆಟ್ಟಿಲು ಹತ್ತಿ, ಉಸಿರು ತೆಗೆದುಕೊಂಡು, ಇನ್ನೊಂದು ಹತ್ತಿದರು. ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಅವರು ಒಳಗೆ ಹೋಗುವವರೆಗೂ ಬಸ್ಸು ಕದಲಲಿಲ್ಲ.