ಗುನ್ವೊರ್ ಬಸ್ಸು ತಿರುಗಿಸಿದ ಸಂಜೆ

ಗುನ್ವೊರ್ ಒಂದು ಕಡೆ ಕೂರುವ ಪೈಕಿಯವಳಲ್ಲ. ನಾರ್ವೆಯ ಕರಾವಳಿಯಲ್ಲಿ ಮೀನು ಸೀಳಿ, ಹೋಟೆಲಿನಲ್ಲಿ ಪಾತ್ರೆ ತಿಕ್ಕಿ, ಇಬ್ಬರು ಗಂಡಂದಿರನ್ನು ಬಿಟ್ಟು, ಕೊನೆಗೆ ಸ್ವೀಡನ್ನಿನ ಸ್ಟೋರುಮನ್ ಊರಿನಿಂದ ಬೆಟ್ಟದ ಕಡೆಗೆ ಹೋಗುವ ಬಸ್ಸಿನ ಸ್ಟೇರಿಂಗ್ ಹಿಡಿದ ಮೇಲೆಯೇ ಅವಳ ಜೀವಕ್ಕೆ ಸ್ವಲ್ಪ ಸಮಾಧಾನ. "ಕೂತ್ಕೊಂಡೇ ಊರೂರು ಅಲೆಯೋ ಕೆಲಸ ಇದೊಂದೇ" ಎನ್ನುತ್ತಿದ್ದಳು.

ನಮ್ಮ ಕಡೆಯವರಿಗೆ ಮೊದಲೇ ಮಾತು ಕಡಿಮೆ. ಗುನ್ವೊರ್ ಬಸ್ಸಿನಲ್ಲಿ ಇನ್ನೂ ಕಡಿಮೆ. ಹತ್ತುವವರು ಇಳಿಯುವ ಜಾಗ ಹೇಳುತ್ತಾರೆ, ಇವಳು ತಲೆಯಾಡಿಸುತ್ತಾಳೆ. ಯಾಕೆ ಹೋಗುತ್ತೀರಿ ಎಂದು ಕೇಳುವುದೆಂದರೆ ಕಂಡವರ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ.

ಬೆನೆದಿತಾ ಮಾತ್ರ ಕೇಳದಿದ್ದರೂ ಹೇಳುವ ಹುಡುಗಿ. ಪೋರ್ಚುಗಲ್‌ನಿಂದ ಒಂದು ವರ್ಷದ ಓದಿಗೆಂದು ಉಮಿಯೋ ವಿಶ್ವವಿದ್ಯಾಲಯಕ್ಕೆ ಬಂದವಳು. ಹಗಲೇ ಇಲ್ಲದಂಥ ಚಳಿಗಾಲದ ಕತ್ತಲ ತಿಂಗಳು ಶುರುವಾದಾಗಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಳು. ಒಂದು ವಾರ ಲೊಫೋಟೆನ್, ಇನ್ನೊಂದು ವಾರ ಅಬಿಸ್ಕೊ. ಎಲ್ಲಿ ಹೋದರೂ ಮೋಡ. ಯಾವುದಕ್ಕೆಂದು ಅಲೆದಳೋ, ಇಲ್ಲಿನ ರಾತ್ರಿಯ ಆಕಾಶದಲ್ಲಿ ಆಡುವ ಆ ಹಸಿರು ಬೆಳಕು ಒಮ್ಮೆಯೂ ಕಂಡಿರಲಿಲ್ಲ. "ರೂಮಲ್ಲಿ ಕೂತ್ರೆ ಗೋಡೆ ಮೈಮೇಲೆ ಬರುತ್ತೆ, ಗುನ್ವೊರ್" ಎಂದು ಹಿಂದೊಮ್ಮೆ ಇದೇ ಬಸ್ಸಿನಲ್ಲಿ ತನ್ನ ಹರುಕುಮುರುಕು ಸ್ವೀಡಿಷ್‌ನಲ್ಲಿ ಅಂದಿದ್ದಳು. ಅದು ಗುನ್ವೊರ್‌ಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಡಿಸೆಂಬರಿನ ಆ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು, ಚಳಿ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ. ಲೋವ್‌ಮಿರ್ ಬಂದಾಗ ಹುಡುಗಿ ಎದ್ದಳು. ಅಲ್ಲಿರುವುದು ಬಸ್ಸು ನಿಲ್ಲುವ ಗುರುತಿಗೆ ಒಂದು ಕಂಬ, ಸುತ್ತ ಜೌಗು, ಬೀಗ ಹಾಕಿದ ಬೇಸಿಗೆ ಮನೆಗಳು.

"ಇಲ್ಲೇ ಇಳೀತೀನಿ."

"ಇಲ್ಲೇನಾ?"

"ಹೂಂ. ಇಲ್ಲಿ ದೀಪಗಳೇ ಇಲ್ವಲ್ಲ, ಚೆನ್ನಾಗಿ ಕಾಣುತ್ತೆ."

ಗುನ್ವೊರ್ ಕಣ್ಣು ಹುಡುಗಿಯ ಕ್ಯಾನ್ವಾಸ್ ಶೂ ಮೇಲೆ ಬಿತ್ತು. ಮಾತು ನಾಲಗೆಯ ತುದಿಗೆ ಬಂತು. ದೊಡ್ಡ ಹುಡುಗಿ, ಎಲ್ಲ ಗೊತ್ತಿಟ್ಟುಕೊಂಡೇ ಇಳಿಯುತ್ತಾಳೆ, ಯಾರಾದರೂ ಕಾರಿನಲ್ಲಿ ಬರುತ್ತಾರೇನೋ ಎಂದುಕೊಂಡು ಬಾಗಿಲು ತೆರೆದಳು. ಹಿಂದೆ ಕೂತಿದ್ದ ಇಬ್ಬರೂ, ಮರ ಕಡಿಯುವ ಯಂತ್ರ ಓಡಿಸುವ ಎಸ್ಕಿಲ್ ಮತ್ತು ಹಳೆಯ ಸೂಲಗಿತ್ತಿ ಮಾರ್ಗಿಟ್, ತಲೆ ಎತ್ತಿ ನೋಡಿ ಮತ್ತೆ ತಗ್ಗಿಸಿದರು.

ಬಸ್ಸು ಮುಂದೆ ಹೋಯಿತು, ಗುನ್ವೊರ್ ಮನಸ್ಸು ಹೋಗಲಿಲ್ಲ. ರೇಡಿಯೊ ಹಾಕಿದಳು, ಆರಿಸಿದಳು. ಕೈಗವಸು ತೆಗೆದಳು, ಮತ್ತೆ ಹಾಕಿಕೊಂಡಳು. ಇದೇ ಇವತ್ತಿನ ಕಡೇ ಬಸ್ಸು. ಅದು ಆ ಹುಡುಗಿಗೆ ಗೊತ್ತಿತ್ತೇ? ಕೇಳಿರಲಿಲ್ಲ. ಕೊನೆಗೆ ಮೈಕ್ ಎತ್ತಿಕೊಂಡಳು. ಇಬ್ಬರೇ ಇದ್ದರೂ ತಿರುಗಿ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ.

"ನಾನು ವಾಪಸ್ ಹೋಗ್ತೀನಿ. ಬೇಡ ಅನ್ನೋರು ಈಗ್ಲೇ ಹೇಳಿ."

ಹಿಂದಿನಿಂದ ಉಸಿರು ಒಳಕ್ಕೆಳೆದುಕೊಂಡ ಸದ್ದು ಎರಡು ಸಲ ಕೇಳಿಸಿತು. ನಮ್ಮ ಕಡೆ ಹೂಂ ಎನ್ನುವುದು ಹಾಗೆಯೇ.

"ಆಗಿಂದ ಕಾಯ್ತಿದೀನಿ," ಎಂದಳು ಮಾರ್ಗಿಟ್, "ಯಾವಾಗ ತಿರುಗಿಸ್ತಾಳೋ ಇವಳು ಅಂತ."

"ಬಾಯಿ ಬಿಟ್ಟು ಹೇಳೋಕ್ಕೇನಾಗಿತ್ತು ನಿಂಗೆ?"

"ನೀನು ಡ್ರೈವರು. ನಾನ್ಯಾಕೆ ಹೇಳ್ಲಿ?"

ಎರಡೂ ಬದಿ ಹಿಮದ ಗೋಡೆ. ಮರದ ದಿಮ್ಮಿ ತುಂಬುವ ಬಯಲು ಸಿಗುವವರೆಗೂ ತಿರುಗಿಸಲು ಜಾಗವಿರಲಿಲ್ಲ. ವಾಪಸು ಬರುವಾಗ ಗುನ್ವೊರ್ ಎಂದೂ ಓಡಿಸದ ವೇಗದಲ್ಲಿ ಓಡಿಸಿದಳು. ಬೇಡಬೇಡವೆಂದರೂ ಕಣ್ಣ ಮುಂದೆ ಆ ಶೂಗಳೇ.

ಬೆನೆದಿತಾ ಕಂಬದ ಬುಡದಲ್ಲಿ ಮುದುರಿ ಕೂತಿದ್ದಳು. ಎಸ್ಕಿಲ್ ಇಳಿದು, ಏನೂ ಹೇಳದೆ ಎತ್ತಿಕೊಂಡು ಬಂದ.

"ಬೆಳಕು ಬಂತು, ನೋಡ್ದೆ" ಎಂದಳು ಹುಡುಗಿ, ಹಲ್ಲು ಕಟಕಟಿಸುತ್ತ. "ಆಮೇಲೆ ಕಾಲು ಇರೋದೇ ಗೊತ್ತಾಗ್ಲಿಲ್ಲ. ಮೊಬೈಲೂ ಸತ್ತೋಯ್ತು. ಇನ್ನೊಂದು ಬಸ್ ಬರುತ್ತೆ ಅಂದ್ಕೊಂಡೆ."

ಮಾರ್ಗಿಟ್ ಅವಳ ಶೂ ಕಿತ್ತು, ಬೆರಳು ಒಂದೊಂದಾಗಿ ಒತ್ತಿ ನೋಡಿದಳು. "ಉಳೀತವೆ. ಎಸ್ಕಿಲ್, ಸ್ವೆಟರ್ ಎತ್ತು."

ಎಸ್ಕಿಲ್ ಎತ್ತಿದ. ಹಿಮಗಟ್ಟಿದ ಎರಡು ಪಾದಗಳನ್ನು ಮಾರ್ಗಿಟ್ ಅವನ ಬರಿ ಹೊಟ್ಟೆಗೆ ಒತ್ತಿ ಹಿಡಿದಳು. ಅವನು ಕಣ್ಣು ಮುಚ್ಚಿಕೊಂಡು ತಡೆದುಕೊಂಡ.

"ಬಿಯರ್ ಕುಡಿದು ಬೆಳೆಸಿದ ಹೊಟ್ಟೆ, ಇವತ್ತಾದ್ರೂ ಉಪಯೋಗಕ್ಕೆ ಬಂತು."

"ಸುಮ್ನಿರೆ ಮಾರಾಯ್ತಿ."

ಕಾಲಿಗೆ ಜೀವ ಮರಳಿದಾಗ ನೋವಿಗೆ ಹುಡುಗಿ ಅತ್ತಳು. ಅಳುತ್ತಲೇ ಕೇಳಿದಳು: "ಇದು ಕಡೇ ಬಸ್ಸು ಅಂತ ನಿಮಗೆಲ್ಲಾ ಗೊತ್ತಿತ್ತಾ?"

ಮಾರ್ಗಿಟ್ ಕಿತ್ತಿಟ್ಟ ಶೂಗಳನ್ನು ಸೀಟಿನ ಕೆಳಗೆ ತಳ್ಳಿದಳು.

"ನನ್ ಶೂ ನೋಡಿದ್ರಿ ತಾನೆ? ಮತ್ಯಾಕೆ ಯಾರೂ ಹೇಳ್ಲಿಲ್ಲ?"

"ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ" ಎಂದಳು ಗುನ್ವೊರ್. ಎಷ್ಟು ಪೊಳ್ಳು ಮಾತು ಎಂದು ಹೇಳುವಾಗಲೇ ಅವಳಿಗೆ ಅನ್ನಿಸಿತು. ನಾಚಿಕೆಯಿಂದ ಕಿವಿಯವರೆಗೂ ಕೆಂಪಾದಳು. ಏನು ಕೊಡುವುದೆಂದು ತೋಚದೆ ತನ್ನ ಮೊಬೈಲನ್ನೇ ಮುಂದೆ ಹಿಡಿದಳು.

ಹುಡುಗಿ ಅಮ್ಮನಿಗೆ ಫೋನ್ ಹಚ್ಚಿದಳು. ಕೈಬೆರಳು ಇನ್ನೂ ಸರಿಯಾಗಿ ಬಗ್ಗದಿದ್ದರಿಂದ ಮೊಬೈಲನ್ನು ತೊಡೆಯ ಮೇಲಿಟ್ಟು ಸ್ಪೀಕರ್ ಹಾಕಿದಳು. ಆ ಕಡೆಯ ದನಿ ಉಸಿರು ಬಿಡದೆ ಶುರುವಾಯಿತು. ಬಸ್ಸಿನಲ್ಲಿ ಇನ್ನಾರಿಗೂ ಆ ಭಾಷೆ ಬಾರದು. ಆದರೂ ಒಂದರ ಹಿಂದೆ ಒಂದು ಬರುತ್ತಿದ್ದವೆಲ್ಲ ಪ್ರಶ್ನೆಗಳೇ ಎಂದು ಮೂವರಿಗೂ ತಿಳಿಯಿತು. ಊಟ ಆಯ್ತಾ, ಎಲ್ಲಿದೀಯ, ಚಳಿಗೆ ಏನು ಹಾಕಿದೀಯ, ಇನ್ನೇನಿರುತ್ತದೆ. ಎಸ್ಕಿಲ್ ಸ್ವೆಟರ್ ಎತ್ತಿಕೊಂಡೇ ನೆಲ ನೋಡುತ್ತಿದ್ದ.

ಬೆನೆದಿತಾ ಮೂಗೊರೆಸಿಕೊಂಡು ತಲೆ ಎತ್ತಿದಳು. "ಜೊತೆಗೆ ಯಾರಿದಾರೆ ಅಂತ ಕೇಳ್ತಿದಾಳೆ ಅಮ್ಮ. ಏನಂತ ಹೇಳ್ಲಿ?"